ಪ್ರೆಸ್ಸಿಗೆ ಸಿಗದ ಹಾಳೆ

ಬಿಳಿಕಲ್ಲು ಮಠದ ಪೂಜ್ಯ ಶ್ರೀ ಗುರುಶಾಂತ ಶಿವಯೋಗಿಗಳವರ ದರ್ಶನಕ್ಕೆಂದು ಮೊದಲ ಸಲ ಬಂದವರು ಅವರನ್ನು ಗುರುತಿಸದೆ ಮುಂದೆ ಹೋಗಿಬಿಡುತ್ತಿದ್ದುದೇ ಹೆಚ್ಚು. ಗದ್ದುಗೆಯ ಬಳಿ, ಹೂವು ಊದುಬತ್ತಿಗಳ ನಡುವೆ ಇದ್ದಾರೆಂದು ಬಂದವರು ಒಳಗೆ ಹುಡುಕುತ್ತಿದ್ದರೆ, ಪೂಜ್ಯರು ಹೊರಗೆ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಹಳೆಯ ಕ್ಯಾಲೆಂಡರುಗಳ ತಗಡಿನ ಪಟ್ಟಿ ಕೀಳುತ್ತ ಕುಳಿತಿರುತ್ತಿದ್ದರು. ಉಟ್ಟ ಕಾವಿ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತಿತ್ತು. ತಗಡು ತಾಗಿ ಕೊಯ್ದ ಬೆರಳಿಗೆ ಒಂದು ಚಿಂದಿ ಸುತ್ತಿರುತ್ತಿದ್ದರು. "ಅಜ್ಜಾರು ಎಲ್ಲಿ ಅದಾರ್ರೀ?" ಎಂದು ಅವರನ್ನೇ ಕೇಳಿದವರೂ ಉಂಟು. ಅಂಥವರಿಗೆ ಪೂಜ್ಯರು, "ಕುಂದರ್ರಿ, ಬರ್ತಾರ" ಎಂದು ಹೇಳಿ ಒಂದು ಕ್ಯಾಲೆಂಡರನ್ನು ಅವರ ಕೈಗೂ ಕೊಡುತ್ತಿದ್ದರು. ಬಂದವರು ಪಾಪ, ಅಜ್ಜಾರು ಬರುವವರೆಗೆಂದು ತಗಡು ಕೀಳುತ್ತ ಕೂರುತ್ತಿದ್ದರು.

ಆ ಕ್ಯಾಲೆಂಡರುಗಳೆಲ್ಲ ಒಂದು ಶಾಲೆಗಾಗಿ. ಮಠದ ಹಳೆಯ ದನದ ಕೊಟ್ಟಿಗೆಗೆ ಸುಣ್ಣ ಬಳಿಸಿ, ಸುತ್ತಲಿನ ಹಳ್ಳಿಗಳಿಂದ ಕಣ್ಣಿಲ್ಲದ ಮಕ್ಕಳನ್ನು ಕರೆತಂದು ಇಟ್ಟುಕೊಂಡು ಪೂಜ್ಯರು ಅದನ್ನು ನಡೆಸುತ್ತಿದ್ದರು. ಪಾಠ ಹೇಳುತ್ತಿದ್ದವರು ರುದ್ರಮುನಿ ಮಾಸ್ತರರು. ಅವರೂ ಹುಟ್ಟಿದಾಗಿನಿಂದ ಬೆಳಕು ಕಂಡವರಲ್ಲ. ಬ್ರೈಲ್ ಬರೆಯುವ ಬಗೆಯನ್ನು ನೋಡದವರಿಗೆ ಇಷ್ಟು ಹೇಳಬೇಕು. ದಪ್ಪ ಹಾಳೆಯನ್ನು ತೂತುಗಳ ಪಟ್ಟಿಯಿರುವ ಒಂದು ಹಲಗೆಗೆ ಸಿಕ್ಕಿಸಿ, ಮೊಂಡಾದ ಮೊಳೆಯಿಂದ ಒಂದೊಂದೇ ಚುಕ್ಕಿ ಒತ್ತುತ್ತ ಹೋಗಬೇಕು. ಹಾಳೆಯನ್ನು ತಿರುವಿ ಹಾಕಿದರೆ ಚುಕ್ಕಿಗಳು ಮೇಲಕ್ಕೆ ಉಬ್ಬಿ ನಿಂತಿರುತ್ತವೆ. ಬೆರಳಿಗೆ ಅವೇ ಅಕ್ಷರ. ತೆಳುವಾದ ಕಾಗದ ಮೊಳೆಯ ಪೆಟ್ಟಿಗೆ ಹರಿದುಹೋಗುತ್ತದೆ, ದಪ್ಪ ಕಾಗದವನ್ನು ದೂರದಿಂದ ತರಿಸುವ ಶಕ್ತಿ ಮಠಕ್ಕಿರಲಿಲ್ಲ.

ಹಾಗಾಗಿ ಸಂಕ್ರಾಂತಿ ಬಂತೆಂದರೆ ಪೂಜ್ಯರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಪೇಟೆಯ ಮನೆಮನೆಗೂ ಹೋಗುತ್ತಿದ್ದರು. ಜೋಳ ಬೇಡುತ್ತಿರಲಿಲ್ಲ, ಹೋದ ವರ್ಷದ ಕ್ಯಾಲೆಂಡರು ಬೇಡುತ್ತಿದ್ದರು. ಮನೆಯ ಹೆಣ್ಣುಮಕ್ಕಳು ಅವರ ಕೈಗೆ ಕುಸುರೆಳ್ಳು ಕೊಟ್ಟು, ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರನ್ನು ಇಳಿಸಿ ಜೋಳಿಗೆಗೆ ಹಾಕಿ ನಮಸ್ಕರಿಸುವುದು ಆ ಪೇಟೆಯ ಪದ್ಧತಿಯೇ ಆಗಿಹೋಗಿತ್ತು. ಒಮ್ಮೆ ಕಿರಾಣಿ ಅಂಗಡಿಯವರ ಮನೆಯ ಮುದುಕಿಯೊಬ್ಬರು ಲಕ್ಷ್ಮಿಯ ಚಿತ್ರವಿದ್ದ ಕ್ಯಾಲೆಂಡರನ್ನು ಎದೆಗೆ ಅವಚಿಕೊಂಡು, ದೇವಿಯ ಮುಖಕ್ಕೆ ಮೊಳೆ ಚುಚ್ಚುವುದು ಪಾಪವಲ್ಲವೇ ಎಂದು ಕೊಡಲು ಹಿಂಜರಿದರು. "ಬೆನ್ನ ಹಿಂದ ಸರಸ್ವತಿ ಬರಾಕತ್ಯಾಳವ್ವ, ಆಕಿಗೂ ಒಂದೀಟು ಜಾಗಾ ಕೊಡ್ಲಿ" ಎಂದರು ಪೂಜ್ಯರು. ಮುದುಕಿ ನಕ್ಕು ಕೊಟ್ಟರು.

ಒಂದು ವಿಷಯದಲ್ಲಿ ಮಾತ್ರ ಪೂಜ್ಯರದು ಕಲ್ಲಿನಂಥ ಹಟ. ಭಿಕ್ಷೆಗೆ ಹೋಗುವಾಗ ಮಕ್ಕಳನ್ನು ಎಂದೂ ಜೊತೆಗೆ ಕರೆದೊಯ್ಯುತ್ತಿರಲಿಲ್ಲ. ಮಕ್ಕಳ ಕೊರಳಿಗೆ ಒಂದು ಹಾರ್ಮೋನಿಯಂ ಕಟ್ಟಿ ಬಜಾರದಲ್ಲಿ ಹಾಡಿಸಿದರೆ ಜೋಳಿಗೆ ಬೇಗ ತುಂಬುತ್ತದೆಂದು ಭಕ್ತರೊಬ್ಬರು ಸಲಹೆ ಕೊಟ್ಟಾಗ, "ಅವು ಓದಾಕ ಬಂದಾವ" ಎಂದಷ್ಟೇ ಹೇಳಿ ಪೂಜ್ಯರು ಅಲ್ಲಿಂದ ಎದ್ದುಹೋದರು. ಆ ಭಕ್ತರು ಆಮೇಲೆ ಒಂದು ವರ್ಷ ಮಠದ ಕಡೆ ಸುಳಿಯಲಿಲ್ಲವಂತೆ. ಸುಳಿಯದಿದ್ದುದರಿಂದ ಏನೂ ನಷ್ಟವಾಗಲಿಲ್ಲ.

ಈ ಪ್ರಸಂಗ ವಾಮನಪ್ಪ ಚಿತ್ರಗಾರನದು. ಪೇಟೆಯಲ್ಲಿ ಪುಸ್ತಕಗಳನ್ನು ಹೊಲಿದು ರಟ್ಟು ಹಾಕುವ ಕೆಲಸ ಅವನದಾದ್ದರಿಂದ ಎಲ್ಲರಿಗೂ ಅವನು ಬೈಂಡಿಂಗ್ ವಾಮನಪ್ಪ. ಕಚೇರಿಯ ದಫ್ತರವಾಗಲಿ, ಮನೆಯ ಪುರಾಣವಾಗಲಿ, ಅವನ ಕೈ ದಾಟಿ ಬಂದ ಪುಸ್ತಕವನ್ನು ನೆಲದ ಮೇಲೆ ಇಟ್ಟರೆ ಇಟ್ಟಂಗಿಯ ಹಾಗೆ ಕೂರುತ್ತಿತ್ತು. ಕೂರದವನು ವಾಮನಪ್ಪ ಒಬ್ಬನೇ. ಊಟದ ನಡುವೆ ಎದ್ದು ಬಾಗಿಲಿಗೆ ಹೋಗಿ ಬರುವನು, ಮಾತಿನ ನಡುವೆ ಎದ್ದು ಅಂಗಡಿಯ ಬೀಗ ಎಳೆದು ನೋಡುವನು, ಕೈಗೆ ಕೆಲಸವಿಲ್ಲದಿದ್ದರೆ ದಾರದ ತುಂಡಿಗೆ ಗಂಟು ಹಾಕಿ ಬಿಚ್ಚಿ ಮತ್ತೆ ಹಾಕುವನು. ನನಗೂ ಅವನ ಪರಿಚಯವಿತ್ತು. ಅವನೊಡನೆ ಸ್ವಲ್ಪ ಹೊತ್ತು ಮಾತಾಡಿ ಎದ್ದರೆ ಓಡಿ ಬಂದಷ್ಟು ದಣಿವಾಗುತ್ತಿತ್ತು.

ಅವನ ಚಡಪಡಿಕೆಯ ಬೇರು ಮನೆಯೊಳಗೇ ಇತ್ತು. ವಾಮನಪ್ಪ ಮತ್ತು ಹೂವಕ್ಕ ದಂಪತಿಗೆ ಒಬ್ಬಳೇ ಮಗಳು, ತುಳಸಾ. ಎಳವೆಯಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಒಂಬತ್ತು ತುಂಬಿದರೂ ಅವಳು ಹೊಸ್ತಿಲು ದಾಟಿದ್ದು ಕಡಿಮೆ. ತಂದೆ ಅವಳನ್ನು ಅಂಗೈಯಲ್ಲಿಟ್ಟು ಸಾಕಿದನೆಂಬುದರಲ್ಲಿ ಸಂಶಯವಿಲ್ಲ, ಆದರೆ ಅಂಗೈ ಎಷ್ಟು ಅಗಲವಿದೆಯೋ ಅಷ್ಟೇ ಅವಳ ಲೋಕವಾಗಿತ್ತು.

ಆ ವರ್ಷ ಸಂಕ್ರಾಂತಿಯಂದು ಪೂಜ್ಯರು ಅವರ ಬಾಗಿಲಿಗೆ ಹೋದಾಗ ತುಳಸಾ ಹೊಸ್ತಿಲ ಒಳಗಡೆ ಕುಳಿತು ಹೊಲಿಗೆಯ ದಾರಕ್ಕೆ ಮೇಣ ಸವರುತ್ತಿದ್ದಳು. ಸವರಿದ ದಾರವನ್ನು ಬೆರಳುಗಳ ನಡುವೆ ಎಳೆದು, ಮೇಣ ಹತ್ತದೆ ಉಳಿದ ಜಾಗ ಸಿಕ್ಕಿದೊಡನೆ ತಡೆದು, ಅಲ್ಲಿಗಷ್ಟೇ ಮತ್ತೆ ಸವರುತ್ತಿದ್ದಳು. ಪೂಜ್ಯರು ಜೋಳಿಗೆ ಮರೆತವರಂತೆ ಅದನ್ನೇ ನೋಡುತ್ತ ನಿಂತರು. ಹೂವಕ್ಕ ಕ್ಯಾಲೆಂಡರು ತಂದಾಗ, "ಕೂಸಿನ್ನ ಕಳಸವ್ವ, ಓದ್ಲಿ" ಎಂದರು.

ಹೂವಕ್ಕ ಗಂಡನ ಮುಖ ನೋಡಿದಳು. ವಾಮನಪ್ಪ ಕೈಯಲ್ಲಿದ್ದ ಅಂಟಿನ ಕುಂಚವನ್ನು ಕೆಳಗಿಡದೆಯೇ ಎದ್ದು ಬಂದ.

"ಅದೊಂದು ಕೇಳಬ್ಯಾಡ್ರಿ ಯಪ್ಪಾ. ಮಠಕ್ಕ ಬಿಟ್ಟ ಹುಡುಗಿ ಅಂತ ಊರ ತುಂಬ ಹೆಸರಾಗತೈತಿ. ಕಣ್ಣಿಲ್ಲದಾಕಿ ಪುಸ್ತಕ ಹಿಡಕೊಂಡು ಏನ್ ಮಾಡೂದೈತ್ರಿ? ನಾ ಇರೂತನಕಾ ನಾ ನೋಡಕೋತೀನಿ."

"ಆಮ್ಯಾಲ?" ಎಂದರು ಪೂಜ್ಯರು.

ಅವನ ಕೈಯ ಕುಂಚದಿಂದ ಅಂಟು ಹನಿದು ಹೊಸ್ತಿಲ ಮೇಲೆ ಬಿತ್ತು. ಕೊನೆಗೆ, "ಬ್ಯಾರೆ ಏನಾರ ಸೇವಾ ಹೇಳ್ರಿ, ಇಲ್ಲ ಅನ್ನೂದಿಲ್ಲ" ಎಂದ. ಮಗಳ ಬದಲಿಗೆ ಬೇರೇನನ್ನಾದರೂ ಕೊಟ್ಟು ಈ ಸ್ವಾಮಿಗಳನ್ನು ಬಾಗಿಲಿನಿಂದಲೇ ಕಳಿಸಿಬಿಡಬೇಕೆಂಬ ಆತುರ ಅದರಲ್ಲಿತ್ತು. ದಾನ ಮಾಡುವ ನಮ್ಮಲ್ಲಿ ಬಹಳ ಮಂದಿಯ ಆತುರ ಇದೇ ಜಾತಿಯದು ಎಂದು ನನಗೆ ಅನೇಕ ಸಲ ಅನ್ನಿಸಿದೆ.

"ಹಂಗಾದ್ರ ನಮ್ಮ ಹುಡುಗರ ಪುಸ್ತಕ ಹೊಲದ ಕೊಡು" ಎಂದು ಹೇಳಿ ಪೂಜ್ಯರು ಮುಂದಿನ ಮನೆಗೆ ನಡೆದರು.

ಆ ಪುಸ್ತಕಗಳ ಸಂಗತಿಯನ್ನು ಇಲ್ಲಿ ಹೇಳಬೇಕು. ಏಳನೆಯ ಇಯತ್ತೆಯ ಕೊನೆಗೆ ಸರಕಾರ ನಡೆಸುವ ಮುಲ್ಕಿ ಪರೀಕ್ಷೆಗೆ ಆ ವರ್ಷ ಶಾಲೆಯಿಂದ ಮೊದಲ ಸಲ ನಾಲ್ವರು ಮಕ್ಕಳು ಕೂರುವವರಿದ್ದರು. ಕುರುಡು ಮಕ್ಕಳು ಎಲ್ಲರ ಸಮಕ್ಕೆ ಕುಳಿತು ಪರೀಕ್ಷೆ ಬರೆಯುತ್ತಾರೆಂಬುದೇ ಆ ಸೀಮೆಯಲ್ಲಿ ಹೊಸ ಮಾತು. ಅವರಿಗೆಂದು ಅಚ್ಚಾದ ಪುಸ್ತಕ ಎಲ್ಲಿಯೂ ಸಿಗುವಂತಿರಲಿಲ್ಲ. ವರ್ಷವಿಡೀ ಪೂಜ್ಯರು ಪಠ್ಯವನ್ನು ಓದಿ ಹೇಳಿದ್ದರು, ಮಕ್ಕಳು ಕ್ಯಾಲೆಂಡರಿನ ಹಾಳೆಗಳ ಮೇಲೆ ಚುಕ್ಕಿ ಒತ್ತಿ ಒತ್ತಿ ಇಡೀ ಪಠ್ಯವನ್ನು ಬರೆದುಕೊಂಡಿದ್ದರು. ನಾಲ್ವರಲ್ಲಿ ದೊಡ್ಡವಳಾದ ಶಿವಲೀಲಾ ಭೂಗೋಳವೊಂದನ್ನೇ ಮಳೆಗಾಲ ಮುಗಿಯುವವರೆಗೆ ಬರೆದಿದ್ದಳು. ಬಿಡಿ ಹಾಳೆಗಳನ್ನು ಹುರಿಯಿಂದ ಕಟ್ಟಿಟ್ಟಿದ್ದರಿಂದ ಅಂಚುಗಳು ಹರಿಯತೊಡಗಿದ್ದವು, ಅದಕ್ಕೇ ಹೊಲಿಗೆ ಬೇಕಾಗಿತ್ತು.

ವಾಮನಪ್ಪ ಸೈಕಲ್ಲಿನಲ್ಲಿ ಮಠಕ್ಕೆ ಬಂದು ಕಟ್ಟುಗಳನ್ನು ಒಯ್ದ ದಿನ ರುದ್ರಮುನಿ ಮಾಸ್ತರರು ಅವನಿಗೆ ಹೇಳಿದ್ದು ಇಷ್ಟೇ: "ಹೊಲದು ರಟ್ಟು ಹಾಕಿದ್ರ ಸಾಕ್ರಿ. ಬ್ಯಾರೆ ಏನೂ ಮಾಡೂದ ಬ್ಯಾಡ."

ವಾಮನಪ್ಪನಿಗೆ ಈ ಮಾತು ಚುಚ್ಚಿತು. ಪುಸ್ತಕದ ಮುಖ ಕಾಣದವರು ತನಗೆ ಬೈಂಡಿಂಗ್ ಹೇಳಿಕೊಡುವುದೇ? ಕೈಗೆತ್ತಿಕೊಂಡ ಸೇವೆಯನ್ನು ಅರ್ಧಂಬರ್ಧ ಮಾಡಿಕೊಟ್ಟರೆ ನಾಳೆ ಭಕ್ತರೆಲ್ಲ ನೋಡಿ ನಗುವುದಿಲ್ಲವೇ? ಮನೆಗೆ ಬಂದು ಕಟ್ಟು ಬಿಚ್ಚಿದರೆ ಹಾಳೆಗಳೆಲ್ಲ ಉಬ್ಬಿಕೊಂಡು ಒಂದರ ಮೇಲೊಂದು ಕೂರುತ್ತಲೇ ಇರಲಿಲ್ಲ. ಅವನ ಕಸುಬಿಗೇ ಅದು ಸವಾಲೆನ್ನಿಸಿತು.

ಅವನು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ತುಳಸಾ ಹತ್ತಿರ ಬಂದು ಕುಳಿತಿದ್ದಳು. ಒಂದು ಹಾಳೆಯ ಮೇಲೆ ಅವಳ ಬೆರಳು ಹರಿದಾಡುತ್ತಿತ್ತು.

"ಅಪ್ಪಾ, ಇದಕ್ಕ ಸಜ್ಜಿ ಕಾಳು ಅಂಟಿಸ್ಯಾರೇನು?"

"ಕೈ ಹಚ್ಚಬ್ಯಾಡ, ಮಠದ್ದು. ಚುಚ್ಚಿ ಚುಚ್ಚಿ ಹಾಳಿ ಒರಟ ಮಾಡಿಟ್ಟಾರ. ಪ್ರೆಸ್ಸಿಗೆ ಹಾಕಿದ್ರ ನುಣ್ಣಗ ಆಗತೈತಿ."

"ನುಣ್ಣಗ ಮಾಡಬ್ಯಾಡಪ್ಪಾ. ಹಿಂಗ ಛಲೋ ಐತಿ."

ವಾಮನಪ್ಪ ನಕ್ಕ. ನಗದೆ ಇನ್ನೇನು ಮಾಡಿಯಾನು, ಮಗಳ ಮಾತು ಮಗಳ ಮಾತು. ಹೊಲಿಗೆ ಮುಗಿಸಿದ, ಬೆನ್ನಿಗೆ ಅಂಟು ಬಳಿದು ಬಟ್ಟೆ ಕೂರಿಸಿದ, ರಟ್ಟು ಹಾಕಿದ. ಕೊನೆಗೆ ತಾನು ಯಾವ ಪುಸ್ತಕಕ್ಕೂ ತಪ್ಪಿಸದ ಕೆಲಸವನ್ನು ಮಾಡಿದ. ಹಾಳೆಗಳು ಮಣಿಯಲೆಂದು ತುಸು ತೇವ ಮಾಡಿ ಎಲ್ಲವನ್ನೂ ಕಬ್ಬಿಣದ ಪ್ರೆಸ್ಸಿನ ಹಲಗೆಗಳ ನಡುವೆ ಇಟ್ಟು, ಮೇಲಿನ ತಿರುಪನ್ನು ಮೈಭಾರ ಹಾಕಿ ಬಿಗಿದ. ಮರುದಿನ ಮತ್ತೊಂದು ಸುತ್ತು ಬಿಗಿದ. ಹೊರತೆಗೆದಾಗ ಪುಸ್ತಕಗಳು ಇಟ್ಟಂಗಿಯಂತೆ ಕುಳಿತವು. ಅವನು ಹಾಳೆ ತಿರುವಿ ನೋಡಿದ, ಚುಕ್ಕಿಗಳ ಗುರುತು ಒಂದೂ ಅಳಿಸಿರಲಿಲ್ಲ, ಎಲ್ಲವೂ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಬಹಳ ಸಂತೋಷಪಟ್ಟ. ಕಣ್ಣಿದ್ದವರು ಮಾತ್ರ ಮಾಡಬಹುದಾದ ತಪ್ಪು ಅದು.

ಪುಸ್ತಕಗಳನ್ನು ಮಠಕ್ಕೆ ತಂದ ದಿನ ಮಕ್ಕಳೆಲ್ಲ ಜಗಲಿಯ ಮೇಲೆ ಸೇರಿದ್ದರು. ಹೊಸ ರಟ್ಟಿನ ವಾಸನೆ ಹಿಡಿದು, ಮೇಲಿನ ಬಟ್ಟೆಯನ್ನು ಸವರಿ, ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡರು. ಮಾಸ್ತರರು, "ಏನ್ ಚಂದ ಹೊಲದೀರಿ" ಎನ್ನುತ್ತ ಒಂದನ್ನು ತೊಡೆಯ ಮೇಲಿಟ್ಟು ತೆರೆದರು. ಅವರ ಬೆರಳು ಸಾಲಿನ ಮೇಲೆ ಸ್ವಲ್ಪ ದೂರ ಹೋಗಿ ನಿಂತಿತು. ಹಿಂದೆ ಬಂದು ಮತ್ತೆ ಹೋಯಿತು. ಹಾಳೆ ತಿರುವಿದರು. ಇನ್ನೊಂದು ತಿರುವಿದರು. ಅವರ ಮುಖದಿಂದ ನಗು ಯಾವಾಗ ಹೋಯಿತೋ ವಾಮನಪ್ಪ ಗಮನಿಸಲಿಲ್ಲ. ಅವನು ಮೆಚ್ಚುಗೆಯ ಮಾತಿಗೆ ಕಾಯುತ್ತ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ.

"ಮಾಸ್ತರ್ರ, ಇದರಾಗ ಏನೂ ಇಲ್ರಿ" ಎಂದಳು ಶಿವಲೀಲಾ. ಅವಳ ಕೈಯಲ್ಲಿದ್ದುದು ಭೂಗೋಳ.

"ಇಲ್ಲ ಅಂದ್ರ? ಎಲ್ಲಾ ಅದಾವಲ್ಲ! ಒಂದೊಂದೂ ಕಾಣಸ್ತಾವ" ಎಂದ ವಾಮನಪ್ಪ.

ಬೇವಿನ ಮರದ ಕೆಳಗಿನಿಂದ ಪೂಜ್ಯರು ಎದ್ದು ಬಂದಿದ್ದರು. ಪುಸ್ತಕವನ್ನು ತೆಗೆದುಕೊಂಡು, ಕಣ್ಣು ಮುಚ್ಚಿ, ಚಿಂದಿ ಸುತ್ತದ ಬೆರಳಿನಿಂದ ಒಂದು ಸಾಲನ್ನು ಮೆಲ್ಲಗೆ ಸವರಿದರು.

"ನಿನಗ ಕಾಣಸ್ತಾವ" ಎಂದರು.

ಆಗ ಅವನಿಗೆ ಅರ್ಥವಾಯಿತು. ತಾನೂ ಬೆರಳಿಟ್ಟು ನೋಡಿದ. ಹಾಳೆ ನುಣ್ಣಗೆ, ಅವನು ಬಯಸಿದಷ್ಟೇ ನುಣ್ಣಗೆ ಇತ್ತು. ಶಿವಲೀಲಾ ಅಳಲಿಲ್ಲ. ಭೂಗೋಳವನ್ನು ಮುಚ್ಚಿಟ್ಟು ಗಣಿತವನ್ನು ಕೈಗೆತ್ತಿಕೊಂಡಳು, ಅದನ್ನೂ ಮುಚ್ಚಿಟ್ಟು ಇತಿಹಾಸವನ್ನು ತೆಗೆದಳು. ಯಾವುದರಲ್ಲಾದರೂ ಏನಾದರೂ ಉಳಿದಿರಬಹುದೆಂದು ಅವಳು ಹಾಗೆ ಒಂದೊಂದನ್ನೇ ತೆರೆಯುತ್ತಿದ್ದುದನ್ನು ನೋಡಲಾರದೆ ವಾಮನಪ್ಪ ಪೂಜ್ಯರ ಪಾದದ ಮೇಲೆ ಬಿದ್ದ.

"ಬೈರಿ ಯಪ್ಪಾ ನನಗ. ಊರಾಗಿನ ಕಾಗದಾ ಎಲ್ಲಾ ತಂದ ಹಾಕ್ತೀನ್ರಿ."

"ಕಾಗದ ಐತಿ" ಎಂದರು ಪೂಜ್ಯರು. "ಓದಿ ಹೇಳಾವರು ಇಲ್ಲ. ನನ್ನ ಕಣ್ಣಿಗೂ ಈಗೀಗ ಪೊರಿ ಬಂದೈತಿ. ನಾಳಿಂದ ನೀ ಬಾ."

ಬೈದಿದ್ದರೆ ಅವನು ಮನೆಗೆ ಹೋಗಿ ಮಲಗುತ್ತಿದ್ದ. ಬೈಯದೆ ಇದ್ದುದು ಅವನನ್ನು ಸುಟ್ಟಿತು.

ಮರುದಿನದಿಂದ ವಾಮನಪ್ಪ ಅಂಗಡಿಯ ಬಾಗಿಲು ಹಾಕಿ ಮಠಕ್ಕೆ ಬರತೊಡಗಿದ. ಜಗಲಿಯ ಮೇಲೆ ಮಕ್ಕಳು ಹಲಗೆ ಮೊಳೆ ಹಿಡಿದು ಕೂರುತ್ತಿದ್ದರು, ಅವನು ಪಠ್ಯ ಹಿಡಿದು ಓದುತ್ತಿದ್ದ. ಮೊದಲ ದಿನ ಪುರಾಣಿಕರಂತೆ ಒಂದು ಪುಟವನ್ನು ಒಂದೇ ಉಸಿರಿಗೆ ಓದಿ ಮುಗಿಸಿ ತಲೆಯೆತ್ತಿದರೆ, ಮಕ್ಕಳು ಮೊದಲ ಸಾಲಿನ ನಡುವೆ ಇದ್ದರು. "ಸಾವಕಾಶ ಓದ್ರಿ ಕಾಕಾ" ಎಂದಳು ಶಿವಲೀಲಾ. ಅವನು ಒಂದು ಸಾಲು ಓದಿ ನಿಲ್ಲಿಸಿದ. ಟಕ್ಕು ಟಕ್ಕೆಂದು ಮೊಳೆಗಳ ಸದ್ದು. ಒಂದು ಅಕ್ಷರಕ್ಕೆ ಇಷ್ಟು ಪೆಟ್ಟೇ? ಎದ್ದ, ಕಂಬದ ಸುತ್ತ ತಿರುಗಿದ, ಬಂದು ಕೂತ. ಸದ್ದು ಇನ್ನೂ ಮುಗಿದಿರಲಿಲ್ಲ. ಜೇಬಿನಲ್ಲಿ ದಾರದ ತುಂಡು ಹುಡುಕಿದ, ಅಂದು ಅದೂ ಇರಲಿಲ್ಲ.

ಹೀಗೆ ಕಾಯುವುದು ಅವನ ಜೀವಕ್ಕೆ ಒಗ್ಗದ ಕೆಲಸ. ಸಾಲು ಸಾಲಿನ ನಡುವೆ ಬಿಡುವು ಸಿಕ್ಕರೆ ಸಾಕು, ಹೊಸ್ತಿಲ ಮೇಲೆ ಕೇಳಿದ್ದ ಆ ಒಂದು ಮಾತು, ಆಮ್ಯಾಲ ಎಂಬುದು, ಬಂದು ಎದುರಿಗೆ ಕೂರುತ್ತಿತ್ತು. ಅದನ್ನು ಅಟ್ಟಲು ಬೇಗ ಬೇಗ ಓದುತ್ತಿದ್ದ. ಮಕ್ಕಳು ತಡೆಯುತ್ತಿದ್ದರು. ಮತ್ತೆ ಬಿಡುವು, ಮತ್ತೆ ಅದೇ ಮಾತು. ಮನೆಗೆ ಹೋದರೂ ಅನ್ನ ಸೇರದು. ಮಗಳು ಹತ್ತಿರ ಬಂದು ಮಠದಲ್ಲಿ ಏನು ಓದಿದೆ ಎಂದು ಕೇಳಿದರೆ, "ಏನಿಲ್ಲ ಬಿಡು" ಎಂದು ಮುಖ ತಿರುಗಿಸುತ್ತಿದ್ದ. ಅವಳಿಗೆ ತನ್ನ ಮುಖ ಕಾಣುವುದಿಲ್ಲವೆಂಬುದೂ ಆ ಗಡಿಬಿಡಿಯಲ್ಲಿ ಅವನಿಗೆ ಮರೆತುಹೋಗುತ್ತಿತ್ತು.

ಪೂಜ್ಯರು ಇದನ್ನೆಲ್ಲ ಕಂಡೂ ಕಾಣದವರಂತೆ ಮರದ ಕೆಳಗೆ ತಗಡು ಕೀಳುತ್ತಿದ್ದರು. ಒಂದು ಬೆಳಿಗ್ಗೆ ಅವನು ನದಿಗಳ ಪಾಠ ಓದುತ್ತಿದ್ದಾಗ, ತಲೆ ಎತ್ತದೆಯೇ ಕೇಳಿದರು.

"ವಾಮನಪ್ಪಾ, ಪುಸ್ತಕ ನಿಮ್ಮ ಮನ್ಯಾಗ ಇದ್ದಾಗ ಯಾರೂ ಮುಟ್ಟಿ ನೋಡಲಿಲ್ಲೇನು?"

ಕೃಷ್ಣಾ ನದಿ ಮಹಾಬಳೇಶ್ವರದಲ್ಲಿ ಹುಟ್ಟಿ ಎಂಬಲ್ಲಿಗೆ ಅವನ ಓದು ನಿಂತಿತು. ಮೊಳೆಗಳು ಒಂದೊಂದಾಗಿ ಸುಮ್ಮನಾಗಿ ಮುಂದಿನ ಮಾತಿಗೆ ಕಾದವು. ಮುಟ್ಟಿ ನೋಡಿದವಳು ಒಬ್ಬಳಿದ್ದಳು. ಬೇಡಪ್ಪಾ ಎಂದೂ ಹೇಳಿದ್ದಳು. ಇಡೀ ಪೇಟೆಯಲ್ಲಿ ಆ ಪುಸ್ತಕಗಳು ಏನೆಂದು ಗೊತ್ತಾಗಬಹುದಾಗಿದ್ದ ಒಂದು ಜೀವ ಅವನ ಮಗ್ಗುಲಲ್ಲೇ ಕುಳಿತಿತ್ತು, ಅದನ್ನು ಅವನು ನಕ್ಕು ಪಕ್ಕಕ್ಕೆ ಸರಿಸಿದ್ದ.

ಅವನು ಪಠ್ಯವನ್ನು ಜಗಲಿಯ ಮೇಲೆ ಬಿಟ್ಟು ಹೊರಟ. ದಿನಕ್ಕೆ ನೂರು ಸಲ ಬೀಗ ನೋಡುವ ಮನುಷ್ಯ ಅಂದು ಸೈಕಲ್ಲನ್ನು ಮಠದಲ್ಲೇ ಮರೆತು, ಬಿಸಿಲಿನಲ್ಲಿ ಬರಿಗಾಲಿನಲ್ಲಿ ಪೇಟೆಯವರೆಗೆ ನಡೆದ. ದಾರಿಯಲ್ಲಿ ಎದುರಾದವರು ಮನೆಯಲ್ಲಿ ಏನಾದರೂ ಕೆಟ್ಟದ್ದಾಯಿತೇನೋ ಎಂದುಕೊಂಡರಂತೆ.

"ತುಳಸಾ, ಅವತ್ತ ಪುಸ್ತಕ ಮುಟ್ಟಿ ಏನಂದಿ ನೀ?" ಎಂದು ಬಾಗಿಲಿನಿಂದಲೇ ಕೇಳಿದ.

ಅವನ ಏದುಸಿರು ಕೇಳಿ ಹುಡುಗಿ ಹೆದರಿದಳು. ತನ್ನ ಕಳ್ಳತನ ಬಯಲಾಯಿತೆಂದೇ ತಿಳಿದಳು. ಎದ್ದು ಗೋಡೆ ಹಿಡಿದು ಹೋಗಿ, ಮಡಿಸಿಟ್ಟ ತನ್ನ ಕೌದಿಯ ಪದರಿನೊಳಗಿಂದ ಒಂದು ಹಾಳೆಯನ್ನು ತಂದು ತಂದೆಯ ಕಡೆಗೆ ಚಾಚಿದಳು.

"ಹರದಿಲ್ಲಪ್ಪಾ. ಒಂದ ತಗೊಂಡೆ. ಎಲ್ಲಾ ನುಣ್ಣಗ ಮಾಡ್ತೀನಿ ಅಂದೆಲ್ಲ, ಅದಕ್ಕ."

ಒಂದು ಕಡೆ ಗಣಪತಿಯ ಅರ್ಧ ಸೊಂಡಿಲು, ಇನ್ನೊಂದು ಕಡೆ ಉಬ್ಬಿ ನಿಂತ ಚುಕ್ಕಿಗಳು. ಒಂದು ಹಾಳೆ ಕಡಿಮೆಯಿದ್ದುದು ಹೊಲಿಯುವಾಗ ಅವನಿಗೆ ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ, ಅವನಿಗೆ ಆ ಪುಸ್ತಕ ಓದಲು ಬರುತ್ತಿರಲಿಲ್ಲವಲ್ಲ. ವಾಮನಪ್ಪ ಕಣ್ಣು ಮುಚ್ಚಿ ಹಾಳೆಯ ಮೇಲೆ ಬೆರಳಿಟ್ಟ. ಸಜ್ಜೆಯ ಕಾಳು ಸೋಕಿದಂತಾಯಿತು, ಅಷ್ಟೇ. ಅವನು ಅಲ್ಲೇ ಕುಸಿದು ಕುಳಿತು, ಮಗಳ ಎರಡೂ ಕೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡು ಅತ್ತ. ತಂದೆಯ ಮುಖ ಒದ್ದೆಯಾಗಿರುವುದು ತುಳಸಾಳ ಬೆರಳಿಗೆ ತಿಳಿಯಿತು. ಯಾಕೆಂದು ತಿಳಿಯಲಿಲ್ಲ.

"ಇಕಿನ್ನ ಮಠಕ್ಕ ಕರಕೊಂಡು ಹೋಗೂಣು" ಎಂದ ಹೆಂಡತಿಗೆ. "ಬಟ್ಟಿ ಬರಿ ಹೊಂದಸು."

ಹೂವಕ್ಕ ಅಟ್ಟದ ಮೇಲಿನಿಂದ ಒಂದು ಬಟ್ಟೆಗಂಟು ಇಳಿಸಿದಳು. ಎರಡು ಪರಕಾರ, ಎರಡು ಪೋಲಕ, ಒಂದು ಹೊದಿಕೆ. ಸಂಕ್ರಾಂತಿಯ ದಿನವೇ ಅವಳು ಅದನ್ನು ಕಟ್ಟಿಟ್ಟಿದ್ದಳು.

ಅವರು ಮಠ ಸೇರಿದಾಗ ಮಕ್ಕಳು ಇನ್ನೂ ಜಗಲಿಯ ಮೇಲೇ ಇದ್ದರು. ತುಳಸಾ ತಾಯಿಯ ಸೆರಗು ಹಿಡಿದು ನಿಂತು, ಹಾಳೆಯನ್ನು ಮಾಸ್ತರರ ಕೈಗೆ ಕೊಟ್ಟಳು. ಮಾಸ್ತರರ ಬೆರಳು ಸಾಲಿನ ಮೇಲೆ ಹರಿಯಿತು, ಈ ಸಲ ಎಲ್ಲಿಯೂ ನಿಲ್ಲಲಿಲ್ಲ. ಅವರು ಜೋರಾಗಿ ನಕ್ಕರು.

"ಹದಿನೇಳರ ಮಗ್ಗಿ!"

ಮಕ್ಕಳೆಲ್ಲ ಹೋ ಎಂದರು. ಭೂಗೋಳ ಹೋಯಿತು, ಇತಿಹಾಸ ಹೋಯಿತು, ಯಾರ ಬಾಯಿಗೂ ಬಾರದ ಹದಿನೇಳರ ಮಗ್ಗಿಯೇ ಉಳಿಯಬೇಕೇ! "ಉಳಿಸೂದ ಉಳಿಸಿದಿ, ಬ್ಯಾರೆ ಹಾಳಿ ಸಿಗಲಿಲ್ಲೇನವಾ ನಿನಗ?" ಎಂದು ಶಿವಲೀಲಾ ಕೇಳಿದಳು. ಪುಸ್ತಕಗಳು ಹೋದಂದಿನಿಂದ ಅವಳು ನಕ್ಕದ್ದು ಅದೇ ಮೊದಲು.

ಪೂಜ್ಯರು ತುಳಸಾಳ ಎದುರಿಗೆ ಬಂದು ಮಂಡಿಯೂರಿ ಕುಳಿತರು. ಹಾಳೆಯನ್ನು ಅವಳಿಗೇ ಹಿಂದಿರುಗಿಸಿದರು.

"ಇದರಾಗ ಏನೈತಿ ಅಂತ ಗೊತ್ತಾತೇನವ್ವಾ ನಿನಗ?"

"ಗೊತ್ತಿಲ್ರಿ ಅಜ್ಜಾರ" ಎಂದಳು ಹುಡುಗಿ. ಆಮೇಲೆ, ತಪ್ಪಾದರೆ ಬೈಯುತ್ತಾರೇನೋ ಎಂಬಂತೆ ಮೆಲ್ಲಗೆ ಹೇಳಿದಳು. "ಆದ್ರ ಸಾಲಿಗೆಲ್ಲಾ ಮೊದ್ಲ ಬರೂದು ಒಂದ ಐತ್ರಿ. ಆಮ್ಯಾಲ ಬ್ಯಾರೆ ಬ್ಯಾರೆ ಆಗತೈತಿ. ಕಡೀಕ ಬರೂದು ಅರ್ಧಾ ದಾಟಿದ ಮ್ಯಾಲ ಉದ್ದ ಆಗತೈತಿ."

ಜಗಲಿಯ ಮೇಲಿನ ನಗು ನಿಂತಿತು. ಹದಿನೇಳು ಒಂದಲೆ, ಹದಿನೇಳು ಎರಡಲೆ. ಪ್ರತಿ ಸಾಲಿನ ಮೊದಲಿಗೂ ಹದಿನೇಳು, ಕೊನೆಗೆ ಬೆಳೆಯುತ್ತ ಹೋಗುವ ಲೆಕ್ಕ. ಯಾರೂ ಹೇಳಿಕೊಡದೆ, ಅದು ಅಕ್ಷರವೋ ಅಂಕಿಯೋ ಎಂಬುದೂ ತಿಳಿಯದೆ, ಕೌದಿಯ ಮರೆಯಲ್ಲಿ ಒಂದು ಹಾಳೆಯನ್ನು ಮುಟ್ಟಿ ಮುಟ್ಟಿ ಆ ಕೂಸು ಇಷ್ಟನ್ನು ಕಂಡುಕೊಂಡಿತ್ತು. ರುದ್ರಮುನಿ ಮಾಸ್ತರರು ಕೈ ಜೋಡಿಸಿದರು. ಯಾರಿಗೆಂದು ಅವರಿಗೇ ತಿಳಿದಿರಲಿಕ್ಕಿಲ್ಲ.

ಪೂಜ್ಯರು ಎದ್ದು ನಿಂತು ವಾಮನಪ್ಪನ ಕಡೆ ತಿರುಗಿದರು. ಅವರ ಪೊರೆ ಬಂದ ಕಣ್ಣುಗಳಲ್ಲಿ ನೀರಿತ್ತು.

"ಈಕಿ ಆಗಲೇ ಓದಾಕ ಚಾಲೂ ಮಾಡ್ಯಾಳ. ತಡಾ ಮಾಡಿದವರು ನಾವು" ಎಂದರು.

ನೀನು ಎನ್ನಲಿಲ್ಲ, ನಾವು ಎಂದರು. ವಾಮನಪ್ಪ ಮುಪ್ಪಿನಲ್ಲಿಯೂ ಈ ಒಂದು ಮಾತನ್ನು ಹೇಳುವಾಗ ತಡವರಿಸುತ್ತಿದ್ದುದನ್ನು ನಾನು ಕೇಳಿದ್ದೇನೆ.

ಮುಂದೆ ಆದದ್ದು ಬಹಳ ಮಂದಿಗೆ ಗೊತ್ತಿದೆ. ಬರೆದುಕೊಂಡಷ್ಟು ಬರೆದುಕೊಂಡು, ಉಳಿದದ್ದನ್ನು ವಾಮನಪ್ಪನ ಓದು ಕೇಳಿಯೇ ಬಾಯಿಪಾಠ ಮಾಡಿಕೊಂಡು ನಾಲ್ವರೂ ಮುಲ್ಕಿ ಪರೀಕ್ಷೆಗೆ ಕುಳಿತರು, ಮೂವರು ಪಾಸಾದರು, ಗಣಿತದಲ್ಲಿ ನಪಾಸಾದ ಒಬ್ಬ ಹುಡುಗ ಮರುವರ್ಷ ಪಾಸಾದ. ವಾಮನಪ್ಪ ಬದುಕಿರುವವರೆಗೆ ಆ ಶಾಲೆಯ ಪುಸ್ತಕಗಳನ್ನು ಹೊಲಿದುಕೊಟ್ಟ. ಹಾಳೆ ಹಾಳೆಯ ನಡುವೆ ಬೆನ್ನಿನ ಕಡೆಗೆ ಒಂದೊಂದು ರಟ್ಟಿನ ಸಣ್ಣ ಪಟ್ಟಿ ಸೇರಿಸಿ, ಒಂದರ ಚುಕ್ಕಿ ಇನ್ನೊಂದಕ್ಕೆ ಒತ್ತದಂತೆ ಸಡಿಲವಾಗಿ ಹೊಲಿಯುವ ಬಗೆಯನ್ನು ತಾನೇ ಕಂಡುಕೊಂಡ. ಆ ಪುಸ್ತಕಗಳು ಎಲ್ಲಿಟ್ಟರೂ ಉಬ್ಬಿಕೊಂಡು ಒಂದು ಕಡೆಗೆ ವಾಲುತ್ತಿದ್ದವು. ಪೇಟೆಯ ಗಿರಾಕಿಗಳು, ಇದೇನು ವಾಮನಪ್ಪ, ಪುಸ್ತಕಕ್ಕೆ ಹೊಟ್ಟೆ ಬಂದಿದೆ ಎಂದು ಕೆಣಕಿದರೆ, "ಊಟಾ ಮಾಡ್ಯಾವ್ರಿ" ಎನ್ನುತ್ತಿದ್ದ. ಕೊಡುವ ಮೊದಲು ಕಣ್ಣು ಮುಚ್ಚಿ ಒಮ್ಮೆ ಬೆರಳಾಡಿಸಿ ನೋಡುತ್ತಿದ್ದ.

ಆದರೆ ನನಗೆ ಯಾವಾಗಲೂ ನೆನಪಾಗುವುದು ತುಳಸಾ ಮಠಕ್ಕೆ ಬಂದ ದಿನದ್ದೇ ಇನ್ನೊಂದು ಗಳಿಗೆ. ಪೂಜ್ಯರು ತುಳಸಾಳನ್ನು ಶಿವಲೀಲಾಳ ಮಗ್ಗುಲಲ್ಲಿ ಕೂರಿಸಿ, ತಮ್ಮ ಕೈಯಾರೆ ಅವಳ ತೊಡೆಯ ಮೇಲೆ ಹಲಗೆಯಿಟ್ಟು, ಮೊಳೆ ಹಿಡಿಸಿದರು. ಕ್ಯಾಲೆಂಡರಿನ ಒಂದು ಹೊಸ ಹಾಳೆ ಸಿಕ್ಕಿಸಿದರು. ಅವಳಿಗೆ ಬರೆಯಲು ಬಾರದು, ಸುಮ್ಮನೆ ಚುಕ್ಕಿ ಒತ್ತಲಿ ಎಂದರು. ವಾಮನಪ್ಪ ಬೆಳಿಗ್ಗೆ ಬಿಟ್ಟುಹೋಗಿದ್ದ ಪಠ್ಯವನ್ನು ಎತ್ತಿಕೊಂಡು, ಕೃಷ್ಣಾ ನದಿ ಮಹಾಬಳೇಶ್ವರದಲ್ಲಿ ಹುಟ್ಟಿ ಎಂಬಲ್ಲಿಂದ ಓದಿದ. ಸಾಲು ಮುಗಿಸಿ ಓದು ನಿಲ್ಲಿಸಿದ. ಶಿವಲೀಲಾಳ ಮೊಳೆ ಮುಗಿಸಿತು, ಉಳಿದವರ ಮೊಳೆಗಳೂ ಮುಗಿಸಿದವು. ಕೊನೆಯಲ್ಲಿ ಒಂದೇ ಒಂದು ಮೊಳೆ, ತಡವರಿಸುತ್ತ, ಟಕ್ಕು, ಟಕ್ಕು ಎನ್ನುತ್ತಲೇ ಇತ್ತು.

ವಾಮನಪ್ಪ ಏಳಲಿಲ್ಲ, ಕಂಬದ ಸುತ್ತ ತಿರುಗಲಿಲ್ಲ. ಬೆರಳನ್ನು ಮುಂದಿನ ಸಾಲಿನ ಮೇಲಿಟ್ಟುಕೊಂಡು ಕುಳಿತ. ಮಗಳ ಮೊಳೆಯ ಸದ್ದು ನಿಲ್ಲುವವರೆಗೆ ಅವನು ಆ ಸಾಲನ್ನು ಓದಲಿಲ್ಲ.